ಬಲಕ್ಕೆ ಗುಡಿ, ಎಡಕ್ಕೆ ಜೋಳದ ಹೊಲ

ಮಾಘ ಮಾಸದ ಮುಂಜಾವು. ಬೈಲಕುಪ್ಪೆಯ ಹೊಲಗಳ ಮೇಲೆ ಮಂಜು ಇನ್ನೂ ಹೊದಿಕೆ ಹೊದ್ದು ಮಲಗಿರುತ್ತದೆ. ಬೆಳಕು ಹರಿಯುವ ಮುನ್ನವೇ ಎದ್ದ ಮುದುಕಿಯರು ಹಿಮ್ಮಡಿಯವರೆಗೆ ಇಳಿಬಿದ್ದ ಛುಪಾ ತೊಟ್ಟು, ಬಣ್ಣದ ಪಟ್ಟೆಗಳ ಮುಂದುಡಿಗೆಯನ್ನು ಸೊಂಟಕ್ಕೆ ಬಿಗಿದು, ಒಂದು ಕೈಯಲ್ಲಿ ಮಣಿಚಕ್ರವನ್ನೂ ಇನ್ನೊಂದರಲ್ಲಿ ನೂರೆಂಟು ಮಣಿಗಳ ಜಪಮಾಲೆಯನ್ನೂ ಹಿಡಿದು ವಿಹಾರದ ಸುತ್ತ ನಡೆಯತೊಡಗುತ್ತಾರೆ. ಗುಡಿ ಬಲಕ್ಕೆ, ಜೋಳದ ಹೊಲ ಎಡಕ್ಕೆ. ಈ ನಡಿಗೆಗೆ ಅವರ ಭಾಷೆಯಲ್ಲಿ ‘ಕೋರಾ’ ಎಂದು ಹೆಸರು. ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ; ನಮ್ಮ ಪ್ರದಕ್ಷಿಣೆಯೇ ಅದು.

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರನ್ನೂ ಪಿರಿಯಾಪಟ್ಟಣವನ್ನೂ ದಾಟಿ, ಕಾವೇರಿಯನ್ನು ಹಾದು ಕುಶಾಲನಗರವನ್ನು ಸೇರುವುದಕ್ಕೆ ತುಸು ಮುಂಚೆ ಬೈಲಕುಪ್ಪೆ ಬರುತ್ತದೆ. ಹತ್ತಿರದಲ್ಲೇ ಹರಿಯುವ ಆ ನದಿಯೇ ಮುಂದೆ ಕೃಷ್ಣರಾಜನಗರದ ಸೀಮೆಯ ಚುಂಚನಕಟ್ಟೆಯಲ್ಲಿ ಬಂಡೆಗಳ ಮೇಲೆ ಧುಮುಕಿ, ಭತ್ತದ ಗದ್ದೆಗಳಿಗೆ ನೀರುಣಿಸುತ್ತದೆ. ಇಂತಹ ಅಚ್ಚ ಮೈಸೂರು ಸೀಮೆಯ ನಡುವೆ ಹಿಮಾಲಯದ ಆಚೆಯ ಜನರು ಬಂದು ಮನೆ ಮಾಡಿ ಅರವತ್ತು ವರ್ಷಗಳ ಮೇಲಾಯಿತು.

1959ರ ಮಾರ್ಚ್ ತಿಂಗಳಲ್ಲಿ ದಲಾಯಿ ಲಾಮಾ ಲ್ಹಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಹಸ್ರಾರು ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಇವರಿಗೆ ನೆಲೆ ಕೊಡಬೇಕೆಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಮೊದಲು ಕೈಚಾಚಿದುದು ಅಂದಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ದೊರೆಯಿತು. 1961ರ ಹೊತ್ತಿಗೆ ಇಲ್ಲಿನ ಮೊದಲ ವಸತಿ ರೂಪುಗೊಂಡಿತು. 1969ರಲ್ಲಿ ಬೈಲಕುಪ್ಪೆಯಲ್ಲಿಯೇ ಎರಡನೆಯದು, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ಎದ್ದವು.

ನೆಲ ಸಿಕ್ಕಿತೆಂದ ಮಾತ್ರಕ್ಕೆ ನೆಲೆ ಸಿಕ್ಕಿತೆಂದಲ್ಲ. ಲ್ಹಾಸಾ ಸಮುದ್ರ ಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳುಗಾಳಿಗೂ ಶೀತಕ್ಕೂ ಒಗ್ಗಿದ ಮೈಗೆ ಮೈಸೂರು ಸೀಮೆಯ ಬೇಸಗೆ ಬೆಂಕಿಯೇ ಸರಿ. ಅದರ ಮೇಲೆ, ಕಾಡು ಕಡಿದು ಸುಡುವ ಕೆಲಸ. ಬಿದಿರಿನ ಗುಡಿಸಲು, ಡೇರೆ, ರೋಗ, ಹಗಲಿನ ಝಳ, ರಾತ್ರಿ ಆನೆಯ ಭಯ. ಎಷ್ಟೋ ಜನ ಮೊದಲ ವರ್ಷಗಳಲ್ಲಿಯೇ ತೀರಿಕೊಂಡರು.

ಇವೆಲ್ಲಕ್ಕಿಂತ ಬೇರೆಯಾದ ಒಂದು ನೋವೂ ಅವರಿಗಿತ್ತು. ಕಾಡಿಗೆ ಬೆಂಕಿಯಿಟ್ಟಾಗ ಹುಳುಹುಪ್ಪಟೆ, ಸಣ್ಣಪುಟ್ಟ ಪ್ರಾಣಿಗಳು ಲೆಕ್ಕವಿಲ್ಲದೆ ಸಾಯುತ್ತಿದ್ದವು. ಜೀವಹಿಂಸೆ ಮಹಾಪಾಪವೆಂದು ನಂಬಿದ ಕೆಲವರು ಈ ಕೆಲಸವನ್ನೇ ನಿಲ್ಲಿಸಬೇಕೆಂದು ಕೇಳಿಕೊಂಡುದನ್ನು ದಲಾಯಿ ಲಾಮಾ 1990ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ನೆನೆದಿದ್ದಾರೆ. ತಾವೇ ಹಸಿವಿನಿಂದ ಬಳಲುತ್ತಿರುವಾಗ ಹುಳುವಿಗಾಗಿ ಮರುಗುವ ಮನಸ್ಸು ಸಾಮಾನ್ಯವಾದುದಲ್ಲ. ಇಂದು ಸೊಂಪಾಗಿ ಕಾಣುವ ಆ ಹೊಲಗಳ ಅಡಿಯಲ್ಲಿ ಈ ಮರುಕವೂ ಹೂತುಹೋಗಿದೆ.

ಹೊಸ ನೆಲದ ಪರಿಚಯವಾಗುವುದು ಅದರ ಋತುಗಳ ಮೂಲಕ. ಬಂದವರು ತಮ್ಮ ಪಂಚಾಂಗವನ್ನು ಜೊತೆಗೇ ತಂದಿದ್ದರು. ಅದೂ ಚಂದ್ರನನ್ನು ಅನುಸರಿಸುವಂಥದೇ. ಅದರಲ್ಲೂ ಅಧಿಕಮಾಸ ಬರುವುದುಂಟು. ಅದರ ಗಣಿತಕ್ಕೆ ಆಧಾರವಾದ ಕಾಲಚಕ್ರ ತಂತ್ರ ಭಾರತದಿಂದಲೇ ಅವರ ನಾಡಿಗೆ ಹೋದುದು. ಪಿರಿಯಾಪಟ್ಟಣದ ರೈತ ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಮಳೆಯನ್ನು ಎಣಿಸುತ್ತಿರುವಾಗ ನೆರೆಹೊಲದ ಲಾಮಾ ತಮ್ಮ ತಿಂಗಳುಗಳನ್ನು ಎಣಿಸುತ್ತಾರೆ. ಎಣಿಕೆ ಎರಡಾದರೂ ಮುಗಿಲು ಒಂದೇ.

ವರ್ಷ ಪ್ರಾರಂಭವಾಗುವುದು ಲೋಸಾರ್ ಹಬ್ಬದಿಂದ. ಅದು ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್ ತಿಂಗಳಲ್ಲಿ. ನಾಗರಹೊಳೆಯ ಅಂಚಿನಲ್ಲಿ, ಹೆಗ್ಗಡದೇವನಕೋಟೆಯ ಕುರುಚಲು ಕಾಡುಗಳಲ್ಲಿ ಎಲೆಯುದುರಿದ ಮುತ್ತುಗ ಕೆಂಡದಂತೆ ಹೂ ಬಿಡುವ ಕಾಲವೂ ಅದೇ. ಹಬ್ಬಕ್ಕೆ ಮುನ್ನ ‘ಗುತುಕ್’ ಎಂಬ ಗಂಜಿಯ ಊಟ. ಅದರೊಳಗಿನ ಹಿಟ್ಟಿನ ಉಂಡೆಗಳಲ್ಲಿ ಒಂದೊಂದು ವಸ್ತುವನ್ನು ಅಡಗಿಸಿರುತ್ತಾರೆ. ಮೆಣಸಿನಕಾಯಿ ಸಿಕ್ಕವರು ವಾಚಾಳಿಗಳು, ಇದ್ದಿಲು ಸಿಕ್ಕವರು ಕರಿಮನಸ್ಸಿನವರು, ಉಣ್ಣೆ ಸಿಕ್ಕವರು ಮೃದುಹೃದಯಿಗಳು! ಮನೆಯ ಯಜಮಾನರಿಗೇ ಇದ್ದಿಲು ಬಂದರೆ ಮಕ್ಕಳ ನಗೆಗೆ ಪಾರವಿಲ್ಲ. ದೇವರ ಮುಂದೆ ಕುಂಡದಲ್ಲಿ ಬಾರ್ಲಿಯ ಹಸಿರು ಪೈರು. ತವರಿನಲ್ಲಿ ಹೊಲದ ತುಂಬ ಬೆಳೆಯುತ್ತಿದ್ದ ಬಾರ್ಲಿ ಇಲ್ಲಿ ಕುಂಡಕ್ಕೆ ಇಳಿದಿದೆ. ಹೊಲದಲ್ಲಿ ಬೆಳೆಯುವುದು ಮೆಕ್ಕೆಜೋಳ.

ಕಕ್ಕೆಯ ಮರ ಹಳದಿ ಗೊಂಚಲುಗಳನ್ನು ಇಳಿಬಿಡುವ ವೇಳೆಗೆ ಬಿಸಿಲು ಏರಿರುತ್ತದೆ. ಆಗ ನಡಿಗೆಯ ಹೊತ್ತೂ ಹಿಂದೆ ಸರಿಯುತ್ತದೆ. ಕತ್ತಲಿರುವಾಗಲೇ ಒಂದು ಸುತ್ತು, ಹೊತ್ತು ಮುಳುಗಿದ ಮೇಲೆ ಇನ್ನೊಂದು. ಸಾಗಾ ದಾವಾ ಎಂಬ ಪವಿತ್ರ ಮಾಸ ಬಂದಾಗ ಮಾತ್ರ ಬಿಸಿಲಿನ ಪರಿವೆ ಇಲ್ಲ. ಬುದ್ಧನ ಜನನ, ಜ್ಞಾನೋದಯ, ಪರಿನಿರ್ವಾಣ ಮೂರನ್ನೂ ಸ್ಮರಿಸುವ ಆ ತಿಂಗಳಲ್ಲಿ ಮಾಡಿದ ಪುಣ್ಯ ಅನೇಕ ಪಟ್ಟು ಬೆಳೆಯುವುದೆಂಬ ನಂಬಿಕೆ. ಅನೇಕರು ಆಗ ಮಾಂಸವನ್ನು ಬಿಡುತ್ತಾರೆ, ದಾನ ನೀಡುತ್ತಾರೆ, ಸುತ್ತುಗಳನ್ನು ಹೆಚ್ಚಿಸುತ್ತಾರೆ.

ಅಷ್ಟರಲ್ಲಿ ಮುಂಗಾರು. ಸುತ್ತಲಿನ ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಸಸಿ ನೆಲ ಹಿಡಿದು, ಕೆಲವೇ ವಾರಗಳಲ್ಲಿ ಬ್ಯಾರನ್ನುಗಳಿಂದ ಹೊಗೆ ಏಳುತ್ತದೆ. ವಸತಿಯ ಹೊಲಗಳಲ್ಲಿ ಜೋಳ ಆಳೆತ್ತರ ಬೆಳೆಯುತ್ತದೆ. ಆದರೆ ಭಿಕ್ಷುಗಳು ಹೊರಗೆ ಕಾಣುವುದು ಅಪರೂಪವಾಗುತ್ತದೆ. ಅದು ‘ಯಾರ್ನೆ’, ಎಂದರೆ ವರ್ಷಾವಾಸ. ಮಳೆಗಾಲದಲ್ಲಿ ನೆಲದ ಮೇಲೆ ಹರಿದಾಡುವ ಹುಳುಗಳು ಕಾಲ್ತುಳಿತಕ್ಕೆ ಸಿಕ್ಕದಿರಲೆಂದು ಭಿಕ್ಷುಗಳು ಒಂದೆಡೆ ನಿಲ್ಲಬೇಕೆಂಬುದು ಬುದ್ಧನ ಕಾಲದ ನಿಯಮ. ಅದು ಭಾರತದ ಮಳೆಯನ್ನು ನೋಡಿ ಮಾಡಿದ ನಿಯಮ. ಮಳೆ ಕಡಮೆಯಾದ ಟಿಬೆಟ್ಟಿನಲ್ಲಿ ಶತಮಾನಗಳ ಕಾಲ ಅದನ್ನು ಶ್ರದ್ಧೆಯಿಂದ ಪಾಲಿಸಿದರು. ಈಗ ಆ ನಿಯಮ ತನ್ನ ಮಳೆಯ ನಾಡಿಗೇ ಮರಳಿ ಬಂದಂತಾಗಿದೆ. ಕಾಡು ಸುಡುವಾಗ ಹುಳುಗಳಿಗಾಗಿ ಮರುಗಿದ ಜನರ ಮಕ್ಕಳು, ಅದೇ ನೆಲದಲ್ಲಿ, ಅದೇ ಹುಳುಗಳಿಗಾಗಿ ಮಳೆಗಾಲದಲ್ಲಿ ಹೆಜ್ಜೆಯನ್ನು ತಡೆಹಿಡಿಯುತ್ತಾರೆ.

ತೆನೆ ಬಲಿತಾಗ ಗುರುಪುರದ ಕಡೆ ನಿದ್ದೆ ಕಡಮೆ. ಕಾಡಿನಂಚಿನ ಹೊಲಕ್ಕೆ ಆನೆ ಬಂದರೆ ಬೆಳೆದವನು ಕನ್ನಡಿಗನೋ ಟಿಬೆಟ್ಟಿನವನೋ ಎಂದು ಅದು ಕೇಳುವುದಿಲ್ಲ. ಲಂಟಾನದ ಪೊದೆಯಾಚೆ ಕೊಂಬೆ ಮುರಿದ ಸದ್ದು ಕೇಳಿದರೆ ಎರಡು ಭಾಷೆಗಳ ಕೂಗೂ ಒಟ್ಟಿಗೇ ಏಳುತ್ತದೆ.

ಕಟಾವು ಮುಗಿದು ಚಳಿ ಇಳಿಯಿತೆಂದರೆ ವಸತಿ ಬರಿದಾಗತೊಡಗುತ್ತದೆ. ಅನೇಕ ಮನೆಗಳ ಗಂಡಸರೂ ಹೆಂಗಸರೂ ಲೂಧಿಯಾನದ ಉಣ್ಣೆಯಂಗಿಗಳ ಗಂಟು ಕಟ್ಟಿ ದೂರದ ಪಟ್ಟಣಗಳಿಗೆ ವ್ಯಾಪಾರಕ್ಕೆ ಹೊರಡುತ್ತಾರೆ. ನಗರದ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿರುವ ಸ್ವೆಟರು ಇಂತಹವರ ಬೀದಿ ಅಂಗಡಿಯಿಂದ ಬಂದುದೇ. ಮನೆಯಲ್ಲಿ ಉಳಿಯುವವರು ಅಜ್ಜ, ಅಜ್ಜಿ, ಶಾಲೆಗೆ ಹೋಗುವ ಮೊಮ್ಮಕ್ಕಳು.

ಇದೇ ಚಳಿಗಾಲದಲ್ಲಿ ಮೈಸೂರು ಜಿಲ್ಲೆಗೆ ಇನ್ನೊಂದು ಪರಿವಾರವೂ ಬರುತ್ತದೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತುಗಳು ಟಿಬೆಟ್, ಮಂಗೋಲಿಯಗಳ ಸರೋವರಗಳಿಂದ ಹೊರಟು, ಹಿಮಾಲಯವನ್ನು ಹಾರಿ ದಾಟಿ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಂಥ ನೀರಿನೆಡೆಗಳಲ್ಲಿ ಇಳಿಯುತ್ತವೆ. 7,000 ಮೀಟರಿಗೂ ಮಿಕ್ಕ ಎತ್ತರದಲ್ಲಿ ಅವು ಹಾರುವುದು ದಾಖಲಾಗಿದೆ. ಬಿಸಿಲು ಏರಿ ಲೋಸಾರ್ ಕಳೆಯುವ ವೇಳೆಗೆ ಅವು ಮತ್ತೆ ಉತ್ತರಕ್ಕೆ ಮುಖ ಮಾಡುತ್ತವೆ. ಅವುಗಳಿಗೆ ರಹದಾರಿ ಬೇಡ.

ಮನುಷ್ಯರಿಗೆ ಬೇಕು. ವಸತಿಯ ಹಿರಿಯರು ಇಂದಿಗೂ ವಿದೇಶೀಯರ ನೋಂದಣಿ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡು ನಿಯಮದಂತೆ ನವೀಕರಿಸುತ್ತಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರು ಜನ್ಮತಃ ಈ ದೇಶದ ಪ್ರಜೆಗಳೆಂಬ ಕಾನೂನು ಟಿಬೆಟ್ಟಿನವರಿಗೂ ಅನ್ವಯಿಸುವುದೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿ ತೀರ್ಪಿತ್ತಿದೆ. ಆದರೂ ಎಲ್ಲರೂ ಆ ಹಕ್ಕನ್ನು ಕೇಳಿ ಪಡೆದಿಲ್ಲ. ಪತ್ರವನ್ನು ಬಿಟ್ಟುಕೊಟ್ಟರೆ ಊರನ್ನೇ ಬಿಟ್ಟುಕೊಟ್ಟಂತೆ ಎಂದು ಕೆಲವರ ಮನಸ್ಸು ಹಿಂಜರಿಯುತ್ತದೆ. ಮಕ್ಕಳ ಓದು, ಉದ್ಯೋಗಗಳಿಗೆ ಪೌರತ್ವವೇ ಲೇಸೆಂದು ಕೆಲವರು ವಾದಿಸುತ್ತಾರೆ. ಎರಡು ಮಾತುಗಳೂ ಒಂದೇ ಮನೆಯ ಜಗಲಿಯಲ್ಲಿ ಕೇಳಿಬರುವುದುಂಟು.

ಈ ವಾದದ ನಡುವೆಯೇ ಮನೆಗಳು ಬರಿದಾಗುತ್ತಿವೆ. ಕಲಿತ ತರುಣರು ಬೆಂಗಳೂರಿಗೆ, ಅಲ್ಲಿಂದ ಅಮೆರಿಕ, ಕೆನಡಾಗಳಿಗೆ ಹೋಗುತ್ತಿದ್ದಾರೆ. 2008ರ ತರುವಾಯ ಟಿಬೆಟ್ಟಿನಿಂದ ಹೊಸದಾಗಿ ಬರುವವರೂ ತೀರ ಕಡಮೆಯಾದರು. 1419ರಲ್ಲಿ ಲ್ಹಾಸಾದ ಬಳಿ ಸ್ಥಾಪಿತವಾದ ಸೇರಾ ವಿಹಾರ ಬೈಲಕುಪ್ಪೆಯಲ್ಲಿ ಮತ್ತೆ ತಲೆಯೆತ್ತಿದೆ. 1963ರಲ್ಲಿ ಪೆನೋರ್ ರಿಂಪೋಚೆಯವರು ಪ್ರಾರಂಭಿಸಿದ ನಾಮ್‌ಡ್ರೋಲಿಂಗ್ ವಿಹಾರದ ಸುವರ್ಣ ಮಂದಿರ ಪ್ರವಾಸಿಗರನ್ನು ಸೆಳೆಯುತ್ತಿದೆ. ಕಟ್ಟಡಗಳು ಹೆಚ್ಚಿವೆ, ಜೋಳದ ಹೊಲದಲ್ಲಿ ದುಡಿಯುವ ಆ ಕುಲದ ಕೈಗಳು ಕಡಮೆಯಾಗಿವೆ. ಕೆಲಸಕ್ಕೆ ಬರುವವರಲ್ಲಿ ನೆರೆಹಳ್ಳಿಯ ಕನ್ನಡಿಗರೇ ಹೆಚ್ಚು. ಡೇರೆಯಲ್ಲಿ ಬಾಲ್ಯ ಕಳೆದವರು ಈಗ ಎಪ್ಪತ್ತು ದಾಟಿದ್ದಾರೆ. ಸಂತೆಯಲ್ಲಿ ಟೊಮೇಟೊದ ಬೆಲೆಯನ್ನು ಚೌಕಾಸಿ ಮಾಡುವಾಗ ಅವರ ಬಾಯಲ್ಲಿ ಕನ್ನಡ. ಮಣಿಚಕ್ರ ತಿರುಗುವಾಗ ಟಿಬೆಟ್ ಭಾಷೆ.

ರಜೆಯ ದಿನ ಮಡಿಕೇರಿಗೆ ಹೋಗುವ ಎಷ್ಟೋ ಕುಟುಂಬಗಳು ಬೈಲಕುಪ್ಪೆಯಲ್ಲಿ ಒಂದು ಗಂಟೆ ಇಳಿದು, ಸುವರ್ಣ ಮಂದಿರದ ಮುಂದೆ ಚಿತ್ರ ತೆಗೆಸಿಕೊಂಡು, ಮೋಮೊ ತಿಂದು ಹೊರಡುವುದು ವಾಡಿಕೆ. ಆ ಗಂಟೆಯಲ್ಲಿ ಕಾಲು ಭಾಗವನ್ನು ಉಳಿಸಿಕೊಂಡು, ವಿಹಾರದ ಸುತ್ತ ನಡೆಯುವ ಅಜ್ಜಿಯರ ಹಿಂದೆ ಒಂದು ಸುತ್ತು ಹಾಕಿದರೆ ನಷ್ಟವೇನಿಲ್ಲ. ಯಾವ ಕಡೆಯಿಂದ ತಿರುಗಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲವಾಗಿದ್ದರೆ ಮಾತ್ರ, ಕಾಲ ಬುಡವನ್ನು ಸ್ವಲ್ಪ ನೋಡಿಕೊಂಡು ನಡೆಯಬೇಕು.