ಹೆಸರಿಡುವ ಮೊದಲು ಬರೆದು ನೋಡಿ

ಆಪಾಗೆ ಗಂಡು ಮಗು ಹುಟ್ಟಿ ಐದು ದಿನವಾಯಿತು. ನಾಡಿದ್ದು ತೋಡಾರಿನ ನಮ್ಮ ಮನೆಯಲ್ಲಿ ಅಕೀಕಾ. ಹೆಸರು ಮಾತ್ರ ಇನ್ನೂ ಆಗಿಲ್ಲ. ಭಾವ ಮೊಬೈಲಿನಲ್ಲಿ ಹೊಸ ಹೊಸ ಹೆಸರು ಹುಡುಕುತ್ತಿದ್ದಾರೆ. ಅವು ದಾದಿಯ ನಾಲಿಗೆಗೇ ಹೊರಳುವುದಿಲ್ಲ.

ಅರ್ಥ ಒಳ್ಳೆಯದಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಮ್ಮೆ ಬರೆದು ನೋಡಬೇಕು ಎನ್ನುವುದು ನನ್ನ ವಾದ. ಉರ್ದುವಿನಲ್ಲಿ ಝಾಲ್, ಝೇ, ಝ್ವಾದ್, ಝೋಯ್ ಎಂದು ಒಂದೇ ಉಚ್ಚಾರಕ್ಕೆ ನಾಲ್ಕು ಅಕ್ಷರ. ಕನ್ನಡದಲ್ಲಿ ಒಬ್ಬರು 'ಝ' ಬರೆದರೆ ಇನ್ನೊಬ್ಬರು 'ಜ' ಬರೆಯುತ್ತಾರೆ. ನನ್ನ ಹೆಸರು ಆಧಾರ್‌ನಲ್ಲಿ 'ಝಡ್'ನಿಂದ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಜೆ'ಯಿಂದ ಶುರುವಾಗುತ್ತದೆ. ಇಷ್ಟಕ್ಕೇ ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿ ವಾಪಸ್ ಬಂತು. ಅಬ್ಬಾ ಎರಡು ದಿನ ಕೆಲಸ ಬಿಟ್ಟು ಅಲೆದರು. ಲೆಡ್ಜರಿನಲ್ಲಿ ತಪ್ಪಾದರೆ ಒಂದು ಎಂಟ್ರಿ ಹಾಕಿ ಸರಿಮಾಡಬಹುದು, ಹೆಸರಿಗೆ ಅಫಿಡವಿಟ್ಟೇ ಬೇಕಾಯಿತು.

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ನಿಜ. ಹೆಸರನ್ನು ಅಂದೇ ಕೊಡಬೇಕೆಂದಿಲ್ಲ. 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದ್ದರಿಂದ ಅವಸರ ಬೇಡ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೆ ಸೇರುವಾಗಲೂ ಆಧಾರ್ ಮಾಡಿಸುವಾಗಲೂ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ಪುರಾವೆ. ಅದರಲ್ಲಿ ಬಿದ್ದ ಅಕ್ಷರ ಮಗುವಿನ ಜೊತೆಗೇ ಬೆಳೆಯುತ್ತದೆ.

"ಕಾಗದಕ್ಕೋಸ್ಕರ ಹೆಸರು ಬದಲಿಸಬೇಕಾ?" ಎಂದು ಭಾವ ಕೇಳಿದರು. ಬದಲಿಸುವುದು ಬೇಡ, ಬರೆಯುವ ರೀತಿಯನ್ನು ಮೊದಲೇ ನಿರ್ಧರಿಸಿ ಎಂದೆ. ನಿನ್ನೆ ರಾತ್ರಿ ದಾದಿ 'ಬಿಲಾಲ್' ಅಂದರು. ಎಷ್ಟು ಸಲ ಬರೆದು ನೋಡಿದರೂ ಒಂದೇ ತರ ಬಂತು. ಭಾವ ಇನ್ನೂ ಒಪ್ಪಿಲ್ಲ.