ಎಲ್ಲ ದಮ್ಮೂ ಧೂಳಿನದಲ್ಲ

ಚಿತ್ತಾಪುರದ ನನ್ನ ಔಷಧ ಅಂಗಡಿಯಲ್ಲಿ ದಿನಾ ಕೇಳುವ ಮಾತು: "ದಮ್ಮಿಂದು ಗುಳಿಗಿ ಕೊಡ್ರಿ." ವಾಡಿಯಲ್ಲಿ ಸಿಮೆಂಟು, ಶಹಾಬಾದದಲ್ಲಿ ಫರಸಿ ಕಲ್ಲು. ಉಸಿರು ಹತ್ತಿದರೆ ನಮ್ಮ ಜನ ಮೊದಲು ಬೈಯುವುದು ಧೂಳನ್ನೇ. ಅದು ಬಹಳ ಸಲ ನಿಜವೂ ಹೌದು. ಆದರೆ ಎಪ್ಪತ್ತು ದಾಟಿದ ಗಣಿ ಕೆಲಸಗಾರರೊಬ್ಬರು ಅಂಗಡಿಯ ಮೆಟ್ಟಿಲೇರಿ ಮಾತು ಹೊರಡದೆ ಕಟ್ಟೆಗೆ ಕುಸಿದಾಗ, ದಮ್ಮಿನ ಖಾಲಿ ಪಂಪ್ (ಇನ್ಹೇಲರ್) ತೋರಿಸಿ ಇನ್ನೊಂದು ಕೇಳಿದಾಗ, ಕೊಡುವ ಮೊದಲು ಯೋಚಿಸಬೇಕಾಗುತ್ತದೆ. ಅವರಿಗೆ ನಡೆಯುವಾಗ ಎದೆನೋವು, ನಡುವೆ ಕಣ್ಣಿಗೆ ಕತ್ತಲೆ ಬೇರೆ.

ಇವು ಹೃದಯದ ಮಹಾಪಧಮನಿ ಕವಾಟ ಸುಣ್ಣಗಟ್ಟಿ ಕಿರಿದಾದಾಗ ಕಾಣುವ ಲಕ್ಷಣಗಳೂ ಹೌದು. ರೋಗ ತೀವ್ರವಾಗಿ ಲಕ್ಷಣ ಕಾಣಿಸಿಕೊಂಡ ಮೇಲೆ ಕವಾಟ ಬದಲಿಸದಿದ್ದರೆ ಸುಮಾರು ಅರ್ಧದಷ್ಟು ಜನ ಎರಡು ವರ್ಷ ಬದುಕುವುದಿಲ್ಲ. ಪಂಪ್ ಎಷ್ಟು ಎಳೆದರೂ ಕವಾಟ ತೆರೆಯದು.

"ಈ ವಯಸ್ಸಿನಾಗ ಎದಿ ಕೊಯ್ಸೂದು ಬ್ಯಾಡ್ರಿ" ಎನ್ನುವ ಮನೆಯವರ ಅಂಜಿಕೆಗೆ ಈಗ ಉತ್ತರವಿದೆ. 2002ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ರೂವಾನ್‌ನಲ್ಲಿ ಡಾ. ಅಲೆನ್ ಕ್ರಿಬಿಯೆ ಎದೆ ಸೀಳದೆ, ಕ್ಯಾಥೆಟರ್ ಎಂಬ ತೆಳು ಕೊಳವೆಯ ಮೂಲಕವೇ ಹೊಸ ಕವಾಟ ಕೂರಿಸಿದರು. ಇಂದು ಹೆಚ್ಚಾಗಿ ತೊಡೆಸಂದಿನ ಅಪಧಮನಿಯಿಂದ, ಮಡಚಿದ ಕವಾಟವನ್ನು ಒಯ್ದು ಹಳೆಯದರೊಳಗೇ ಅರಳಿಸುತ್ತಾರೆ. ಅಪಾಯ ಇಲ್ಲವೆಂದಲ್ಲ, ಕೆಲವರಿಗೆ ಪಾರ್ಶ್ವವಾಯು ಆಗಬಹುದು, ಕೆಲವರಿಗೆ ಪೇಸ್‌ಮೇಕರ್ ಬೇಕಾಗಬಹುದು. ಆದರೂ ದೊಡ್ಡ ಆಪರೇಷನ್ ತಾಳಲಾರದ ವೃದ್ಧರಿಗೆ ಇದೇ ದಾರಿ.

ಬೆಲೆ ಮಾತ್ರ ಇನ್ನೂ ಲಕ್ಷಗಳಲ್ಲಿದೆ. ಗುಜರಾತಿನ ವಾಪಿಯಲ್ಲಿ ಮೆರಿಲ್ ಕಂಪನಿ ದೇಶೀ ಕವಾಟ ತಯಾರಿಸುತ್ತಿದೆ. 2017ರಲ್ಲಿ ಸ್ಟೆಂಟಿನ ದರಕ್ಕೆ ಮಿತಿ ಹಾಕಿದ ಕೇಂದ್ರ ಸರ್ಕಾರ ಕವಾಟದ ದರಕ್ಕೂ ಕೈ ಹಾಕಲಿ.

ಆದರೆ ನನ್ನ ದೊಡ್ಡ ತಕರಾರು ಬೆಲೆಯದಲ್ಲ, ರೋಗ ಗುರುತಿಸುವುದರದು. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾಯಿತು, ಸಂತೋಷ. ಆದರೆ ತನಗಿರುವುದು ಧೂಳಿನ ದಮ್ಮೆಂದೇ ನಂಬಿದವನು ಹೃದಯದ ಆಸ್ಪತ್ರೆಗೆ ಯಾಕೆ ಹೋದಾನು? ಈ ರೋಗದ ಮೊದಲ ಸುಳಿವು ಸಿಗುವುದು ಎದೆಗೆ ಸ್ಟೆತಸ್ಕೋಪ್ ಇಟ್ಟಾಗ. ಕವಾಟದ ಬಳಿ ಗೊರಗೊರ ಸದ್ದು ಕೇಳಿಸುತ್ತದೆ. ಖಾತ್ರಿಯಾಗುವುದು ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ. ಆ ಎಕೋಗಾಗಿ ಚಿಂಚೋಳಿಯಿಂದ ಕಲಬುರಗಿಗೆ ಹೋದರೆ ರೋಗಿಯ ಜೊತೆ ಬಂದ ಮಗನದೂ ಒಂದು ದಿನದ ಕೂಲಿ ಹೋಗುತ್ತದೆ.

ಹಾಗಾಗಿ ಚಿತ್ತಾಪುರ, ಸೇಡಂ, ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಎಕೋ ನಡೆಯಲಿ, ಚಿತ್ರವನ್ನು ಕಲಬುರಗಿಯ ತಜ್ಞರು ಅಲ್ಲಿಂದಲೇ ನೋಡಲಿ. ನಾವು ಔಷಧ ಅಂಗಡಿಯವರೂ ಚೀಟಿಯಿಲ್ಲದೆ ಪಂಪ್ ಕೇಳಿ ಬಂದ ವೃದ್ಧರನ್ನು ವೈದ್ಯರ ಬಳಿ ಕಳಿಸೋಣ. ಒಂದು ಗಿರಾಕಿ ತಪ್ಪಿದರೆ ನಮ್ಮ ಅಂಗಡಿಯೇನೂ ಮುಳುಗುವುದಿಲ್ಲ.