ಹೆಣ್ಣಿನ ಕಂಠ, ದೇಶಾಂತರದ ಕೀರ್ತಿ

ಮನೆಯಲ್ಲಿ ಮಗಳು ಹಾಡಲಾರಂಭಿಸಿದೊಡನೆ ಅವಳ ದನಿ ಸಣ್ಣದಾಗಿದೆಯೇ, ಕೋಗಿಲೆಯಂತಿದೆಯೇ ಎಂದು ನೋಡುವದು ನಮ್ಮ ಗೃಹಸ್ಥರ ರೂಢಿ. ದನಿ ತುಸು ದಪ್ಪವಾಗಿದ್ದರೆ 'ನಿನಗೇಕೆ ಹಾಡು?' ಎಂದು ಅಲ್ಲಿಗೇ ನಿಲ್ಲಿಸಿಬಿಡುವರು. ಬಹುವರ್ಷ ಮಕ್ಕಳಿಗೆ ಪಾಠ ಹೇಳಿದ ನಾವು ಹೀಗೆ ಬಾಯಿ ಮುಚ್ಚಿಕೊಂಡ ಹುಡುಗಿಯರನ್ನು ಅನೇಕರನ್ನು ಕಂಡಿದ್ದೇವೆ. ಆದುದರಿಂದ ಈ ತಿಂಗಳು ಕಂಠದ ವಿಷಯವಾಗಿ ನಾಲ್ಕು ಮಾತು ಬರೆಯಲಪೇಕ್ಷಿಸುತ್ತೇವೆ.

ಈ ರೂಢಿ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಯುರೋಪ ಖಂಡದಲ್ಲಿ ಆಪೆರಾ ಎಂಬ ಸಂಗೀತ ನಾಟಕವುಂಟು. ಅದರಲ್ಲಿ ಸಂಭಾಷಣೆಯೂ ಬಹುಮಟ್ಟಿಗೆ ಹಾಡಿನಲ್ಲಿಯೇ ನಡೆಯುವದು. ಸ್ತ್ರೀಕಂಠಗಳನ್ನು ಅವರು ಮೂರು ಬಗೆಯಾಗಿ ವಿಂಗಡಿಸುವರು. ತಾರಸ್ಥಾಯಿಯಲ್ಲಿ ಲೀಲೆಯಿಂದ ವಿಹರಿಸುವದು ಸೊಪ್ರಾನೊ, ನಡುವಿನದು ಮೆಜ್ಜೊ-ಸೊಪ್ರಾನೊ, ಮಂದ್ರಕ್ಕಿಳಿಯುವದು ಕಾಂಟ್ರಾಲ್ಟೊ. ನಾಯಿಕೆಯ ಪಾತ್ರವು ಪ್ರಾಯಶಃ ಸೊಪ್ರಾನೊ ಕಂಠದವಳಿಗೇ ಮೀಸಲು. ಕೆಳದನಿಯವಳಿಗೆ ತಾಯಿ, ದಾಸಿ, ಕಣಿ ಹೇಳುವವಳು ಮುಂತಾದ ಪಾತ್ರಗಳು. ಆಸ್ಟ್ರೇಲಿಯದ ಮೆಲ್ಬೋರ್ನ ನಗರದ ಹತ್ತಿರ 1861ರಲ್ಲಿ ಹುಟ್ಟಿದ ಹೆಲೆನ್ ಮಿಚೆಲ್ ಎಂಬವಳು ತನ್ನ ಊರಿನ ಹೆಸರಿನಿಂದಲೇ 'ಮೆಲ್ಬಾ' ಎಂದು ಕರೆಯಿಸಿಕೊಂಡು, 1887ರಲ್ಲಿ ಬ್ರಸೆಲ್ಸಿನಲ್ಲಿಯೂ 1888ರಲ್ಲಿ ಲಂಡನ್ನಿನಲ್ಲಿಯೂ 1893ರಲ್ಲಿ ನ್ಯೂಯಾರ್ಕಿನಲ್ಲಿಯೂ ಹಾಡಿ ಜಗತ್ಪ್ರಸಿದ್ಧಳಾದಳು. 1918ರಲ್ಲಿ ಬ್ರಿಟಿಷ್ ದೊರೆತನವು ಅವಳಿಗೆ 'ಡೇಮ್' ಎಂಬ ಗೌರವ ಪದವಿಯನ್ನೂ ಕೊಟ್ಟಿತು.

ನಮ್ಮ ಭಾಗದಲ್ಲಿಯೂ ಊರಿನ ಹೆಸರನ್ನು ದೇಶಾಂತರಕ್ಕೆ ಒಯ್ದ ಒಬ್ಬ ಮಹಾಗಾಯಿಕೆ ಆಗಿಹೋದರು. ಅವರೇ ಶ್ರೀಮತಿ ಗಂಗೂಬಾಯಿ ಹಾನಗಲ್ಲರು. 1913ರಲ್ಲಿ ಧಾರವಾಡದಲ್ಲಿ ಜನನ. ಮೊದಲಿನ ಹೆಸರು ಗಾಂಧಾರಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನಿಪುಣರು. ಆ ಕಾಲದಲ್ಲಿ ಹಾಡುವ ಹೆಣ್ಣಿನ ಹಾಡು ಎಲ್ಲರಿಗೂ ಬೇಕು, ಆದರೆ ಅವಳು ಯಾರಿಗೂ ಬೇಡ! 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ, ಮಹಾತ್ಮ ಗಾಂಧಿಯವರ ಸಮ್ಮುಖದಲ್ಲಿ, ಹನ್ನೊಂದು ವರ್ಷದ ಈ ಬಾಲಿಕೆ ಹಾಡಿದಳು. ನಮ್ಮ ಗದುಗಿನ ವಕೀಲರಾದ ಹುಯಿಲಗೋಳ ನಾರಾಯಣರಾಯರ ನಾಡಗೀತವು ಮೊಳಗಿದ ಅಧಿವೇಶನವೂ ಅದೇ. ಅಷ್ಟು ದೊಡ್ಡ ಸಭೆಯ ಭಯಕ್ಕಿಂತಲೂ, ಜಾತಿಯ ಕಾರಣದಿಂದ ಊಟದ ಹೊತ್ತಿನಲ್ಲಿ ಎಲ್ಲಿ ಅವಮಾನವಾದೀತೋ ಎಂಬ ಅಂಜಿಕೆಯೇ ತಮಗೆ ಹೆಚ್ಚಾಗಿತ್ತೆಂದು ಅವರು ಮುಂದೆ ನೆನೆದಿದ್ದಾರೆ. ಹೆತ್ತವರಾದ ವಾಚಕರು ಈ ಮಾತನ್ನು ಎರಡು ಸಲ ಓದಬೇಕು.

1930ರ ದಶಕದ ಅವರ ಗ್ರಾಮೊಫೋನ್ ತಟ್ಟೆಗಳನ್ನು ಕೇಳಿದರೆ, ಜನರು ಹೆಣ್ಣಿನಿಂದ ಬಯಸುವ ಅದೇ ಎಳೆಯ, ಎತ್ತರದ ದನಿ ಕೇಳಿಬರುತ್ತದೆ. ಮುಂದೆ ಗಂಟಲಿಗೆ ರೋಗ ತಗಲಿ ಚಿಕಿತ್ಸೆಯಾದ ಮೇಲೆ ಆ ದನಿ ಹೋಯಿತು. ಅದರ ಸ್ಥಳದಲ್ಲಿ ಗಂಭೀರವಾದ, ಗಂಡುದನಿಯೆಂದು ಜನರು ಬೆರಗಾಗುವಂಥ ಕಂಠ ಬಂದಿತು. ಬೇರೊಬ್ಬಳಾಗಿದ್ದರೆ ತಂಬೂರಿಯನ್ನು ಮೂಲೆಗಿಡುತ್ತಿದ್ದಳು. ಇವರು ಹೋದ ದನಿಯನ್ನು ಅನುಕರಿಸಲಿಲ್ಲ. ಬಂದ ದನಿಯನ್ನು ಸಾಧಿಸಿದರು.

ಈ ಸಾಧನೆಗೆ ಆಧಾರವಾದುದು ಗುರುವಿದ್ಯೆ. ಲಕ್ಷ್ಮೇಶ್ವರದ ಕಡೆಯವರು ಯಳವಿಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಗೆ ಹೋಗುವಾಗ ನಡುವೆ ಸಿಕ್ಕುವ ಕುಂದಗೋಳದಲ್ಲಿ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಚಂದ್ರರಾಯರಿದ್ದರು (1886-1952). ಇವರು ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರ ವಹಿಸಿ ಹಾಡಿ ಹೆಸರಾದವರು. ಗುರುವು ಹೆಣ್ಣಿನ ಪಾತ್ರದಲ್ಲಿ ಮೆರೆದ ಗಂಡಸು, ಶಿಷ್ಯೆಯು ಗಂಡುದನಿಯ ಹೆಂಗಸು. ಸ್ವರಕ್ಕೆ ಗಂಡುಹೆಣ್ಣೆಂಬ ಭೇದವುಂಟೇ? ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ನಮ್ಮ ಗದುಗಿನ ಭೀಮಸೇನ ಜೋಶಿಯವರೂ ಅದೇ ಗುರುವಿನ ಶಿಷ್ಯರು. ಜಿಪುಣನು ಹಣವನ್ನು ವೆಚ್ಚ ಮಾಡುವಂತೆ ಒಂದೊಂದೇ ಸ್ವರವನ್ನು ಎಣಿಸಿ ಬಳಸಬೇಕೆಂಬದು ಗುರುಗಳ ಬೋಧೆಯೆಂದು ಗಂಗೂಬಾಯಿಯವರು ಹೇಳುತ್ತಿದ್ದರು. ಕಿರಾಣಾ ಘರಾಣೆಯ ಮರ್ಮವೇ ಇದು: ಆಲಾಪವು ಸಾವಕಾಶವಾಗಿ, ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಇಂಥ ಗಾಯನಕ್ಕೆ ಮಂದ್ರದ ಕಂಠವು ಕುಂದಲ್ಲ, ಭೂಷಣ.

ಆ ಕಂಠವೇ ಅವರನ್ನು ನೇಪಾಳ, ಪಾಕಿಸ್ತಾನಗಳಿಗೂ, ಸಮುದ್ರದಾಚೆಯ ಅಮೆರಿಕ, ಕೆನಡ, ಜರ್ಮನಿ, ಫ್ರಾನ್ಸ್ ದೇಶಗಳಿಗೂ ಕರೆದೊಯ್ದಿತು. ಪಶ್ಚಿಮದ ಶ್ರೋತೃಗಳಿಗೆ ಭಾಷೆ ತಿಳಿಯದು, ರಾಗದ ಹೆಸರೂ ತಿಳಿಯದು. ಆದರೂ ಷಡ್ಜದ ಮೇಲೆ ನಿಂತ ಸ್ವರಕ್ಕೆ ದುಭಾಷಿ ಬೇಕಾಗುವದಿಲ್ಲ.

ಇವರಿಗೆ ಸರಿಜೋಡಿಯನ್ನು ಹುಡುಕಿದರೆ ನಮಗೆ ಮೆಲ್ಬಾ ಅಲ್ಲ, ಅಮೆರಿಕದ ಮೇರಿಯನ್ ಆಂಡರ್ಸನ್ ನೆನಪಾಗುತ್ತಾಳೆ. ಅವಳದೂ ಕಾಂಟ್ರಾಲ್ಟೊ ಕಂಠ. ಕಪ್ಪು ವರ್ಣದವಳೆಂದು 1939ರಲ್ಲಿ ವಾಷಿಂಗ್ಟನ್ನಿನ ಒಂದು ಸಭಾಗೃಹವನ್ನು ಅವಳಿಗೆ ನಿರಾಕರಿಸಿದರು. ಅವಳು ಲಿಂಕನ್ನನ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಹಾಡಿದಳು. ಕೇಳಲು ಸುಮಾರು 75,000 ಜನ ನೆರೆದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಅವಳಿಗೆ ಬಾಗಿಲು ತೆರೆದದ್ದು 1955ರಲ್ಲಿ. ಆಗ ಅವಳು ಐವತ್ತೇಳರ ಪ್ರಾಯದವಳು. ವಿದ್ಯೆ ಒಂದೇ ದಿನ ಗೆಲ್ಲುವದಿಲ್ಲ, ಆದರೆ ಗೆಲ್ಲುತ್ತದೆ.

ಗಂಗೂಬಾಯಿಯವರಿಗೆ 1971ರಲ್ಲಿ ಪದ್ಮಭೂಷಣವೂ 2002ರಲ್ಲಿ ಪದ್ಮವಿಭೂಷಣವೂ ಲಭಿಸಿದವು. ಆದರೂ ಒಂದು ಮಾತನ್ನು ಅವರು ಹೇಳದೆ ಬಿಡಲಿಲ್ಲ. ಗಾಯಕನು ಮುಸಲ್ಮಾನನಾದರೆ ಉಸ್ತಾದ, ಹಿಂದುವಾದರೆ ಪಂಡಿತ. ಕೇಸರಬಾಯಿ, ಮೋಗೂಬಾಯಿಯಂಥ ಹೆಂಗಸರು ಮಾತ್ರ ಕೊನೆಗೂ ಬರಿಯ 'ಬಾಯಿ'ಯೇ ಎಂದು. ಆಸ್ಟ್ರೇಲಿಯದ ಗಾಯಿಕೆಗೆ 1918ರಲ್ಲಿಯೇ ಸಂದ ಮಾನದ ಶಬ್ದವು ನಮ್ಮವರ ಹೆಸರಿನ ಮುಂದೆ ಏಕಿಲ್ಲವೆಂಬದನ್ನು ನಾವೆಲ್ಲರೂ ಆಲೋಚಿಸತಕ್ಕದ್ದು. 2009ನೆಯ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನ ಮಾಡಲಾಯಿತು. ಮೈಸೂರಿನ ಸಂಗೀತ ವಿಶ್ವವಿದ್ಯಾಲಯವು ಇಂದು ಅವರ ಹೆಸರನ್ನು ಹೊತ್ತಿದೆ.

ಕುಂದೆಂದು ಜನರೆಣಿಸಿದ್ದನ್ನು ವಿದ್ಯೆಯಿಂದ ದಾಟುವದು ನಮ್ಮ ಗದುಗಿಗೆ ಹೊಸ ಪಾಠವಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ, ತಾವು ಅಂಧರಾಗಿದ್ದು, ಅಂಧ ಮಕ್ಕಳನ್ನು ಗಾಯಕರನ್ನಾಗಿ ಮಾಡಿದುದನ್ನು ನಾವು ಬಲ್ಲೆವು. ಹುಡುಗರ ವಿಷಯದಲ್ಲಿ ಒಪ್ಪಿದ ಈ ಮಾತನ್ನು ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿಯೂ ಒಪ್ಪೋಣ. ಮಗಳು ಹಾಡಿದರೆ ದನಿ ಸಣ್ಣದೋ ದಪ್ಪದೋ ಎಂದು ತೂಗದೆ, ಶ್ರುತಿಗೆ ಸೇರಿತೋ ಇಲ್ಲವೋ ಎಂಬದನ್ನು ಮಾತ್ರ ಕೇಳಿರಿ. ಸೇರದಿದ್ದರೆ ಗುರುವನ್ನು ಹುಡುಕಿರಿ, ಬಾಯಿ ಮುಚ್ಚಿಸಬೇಡಿರಿ.